ಕಡಲ ತೀರದ ಮೂರು ಗುಂಪುಗಳು

ಪವಿತ್ರ ಕುರ್‌ಆನಿನ ಏಳನೆಯ ಅಧ್ಯಾಯದಲ್ಲಿ ಕಡಲ ತೀರದ ಒಂದು ಊರಿನ ಪ್ರಸ್ತಾಪವಿದೆ. ಅಲ್ಲಿನ ಬನೀ ಇಸ್ರಾಈಲರಿಗೆ ಶನಿವಾರ ಮೀನು ಹಿಡಿಯುವುದು ನಿಷಿದ್ಧವಾಗಿತ್ತು. ಆದರೆ ಮೀನುಗಳು ನೀರಿನ ಮೇಲೆ ಬಂದು ಕಣ್ಣಿಗೆ ಕಾಣುತ್ತಿದ್ದುದು ಅದೇ ದಿನ. ಉಳಿದ ದಿನಗಳಲ್ಲಿ ಅವು ಹಾಗೆ ಬರುತ್ತಿರಲಿಲ್ಲ. ಅದೊಂದು ಪರೀಕ್ಷೆಯಾಗಿತ್ತು. ಕೆಲವರು ಉಪಾಯ ಹೂಡಿದರು. ಮುನ್ನಾ ದಿನವೇ ಬಲೆ ಹಾಕಿಟ್ಟು, ಶನಿವಾರ ಕಳೆದ ಮೇಲೆ ಮೀನು ಎತ್ತಿಕೊಳ್ಳುತ್ತಿದ್ದರೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ.

ಆಗ ಊರಿನಲ್ಲಿ ಮೂರು ಗುಂಪುಗಳಾದವು. ಒಂದು, ಮೇರೆ ಮೀರಿದವರದು. ಎರಡು, ಅವರನ್ನು ತಡೆದವರದು. ಮೂರು, ಇಂಥವರಿಗೆ ಬುದ್ಧಿ ಹೇಳಿ ಏನು ಫಲ ಎಂದು ಕೇಳಿದವರದು. ತಡೆದವರನ್ನು ಅಲ್ಲಾಹನು ರಕ್ಷಿಸಿದನು, ಅಕ್ರಮಿಗಳು ಶಿಕ್ಷೆಗೊಳಗಾದರು. ಮೂರನೆಯ ಗುಂಪಿನ ಗತಿಯೇನಾಯಿತೆಂದು ಅಲ್ಲಿ ಬಿಡಿಸಿ ಹೇಳಿಲ್ಲ.

ಕಡಲಿನಿಂದ ಬಹುದೂರದಲ್ಲಿರುವ ಮದಕರಿಪುರ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ನಮಗೇಕೆ ಈ ಮಾತು ಎಂದು ನೀವು ಕೇಳಬಹುದು. ನಮ್ಮ ರಾಜ್ಯದ ಕರಾವಳಿಯಲ್ಲೂ ಇಂಥದೇ ಒಂದು ಪರೀಕ್ಷೆ ನಡೆಯುತ್ತಿದೆ; ಅದರಲ್ಲಿ ನಮಗೂ ಒಂದು ಪಾಲಿದೆ ಎಂಬುದೇ ಉತ್ತರ.

ಕರ್ನಾಟಕಕ್ಕೆ ಸುಮಾರು 300 ಕಿ.ಮೀ. ಉದ್ದದ ಕರಾವಳಿಯಿದೆ. ಅಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಂತ್ರದ ಬೋಟುಗಳು ಕಡಲಿಗಿಳಿಯುವಂತಿಲ್ಲ. ಸಣ್ಣ ನಾಡದೋಣಿಗಳಿಗೆ ಮಾತ್ರ ವಿನಾಯಿತಿಯುಂಟು. ಭೂತಾಯಿ, ಬಂಗುಡೆ ಮೊದಲಾದ ಮೀನುಗಳು ಮೊಟ್ಟೆಯಿಡುವ ಮುಖ್ಯ ಕಾಲ ಮುಂಗಾರಿನದು. ಮೊಟ್ಟೆ ತುಂಬಿದ ಒಂದು ಮೀನನ್ನು ಆಗ ಹಿಡಿದರೆ ಮುಂದೆ ಬರಬೇಕಾದ ಸಾವಿರಾರು ಮರಿಗಳನ್ನೂ ಕಳೆದುಕೊಂಡಂತೆ. ಶನಿವಾರದ ನಿಷೇಧ ಅಲ್ಲಾಹನ ಆಜ್ಞೆ. ಇದು ಸರಕಾರದ ಕಾನೂನು. ಎರಡೂ ಒಂದೇ ಅಲ್ಲ. ಆದರೆ ಮನುಷ್ಯನ ದುರಾಸೆ ಎರಡೂ ಕಡೆ ಒಂದೇ ಬಗೆಯದು. ಕಣ್ಣೆದುರು ಮೀನಿರುವಾಗ ಕೈ ತಡೆಯುವುದೇ ಎರಡೂ ಕಡೆಯ ಪರೀಕ್ಷೆ.

ಹಿಂದೆ ಈ ತೀರದಲ್ಲಿ ರಂಪಣಿ ಎಂಬ ಉದ್ದನೆಯ ಬಲೆಯಿತ್ತು. ಅದನ್ನು ದೋಣಿಯಲ್ಲಿ ಒಯ್ದು ಕಡಲಿಗೆ ಬಿಟ್ಟು, ಊರಿನ ಹತ್ತಾರು ಮಂದಿ ದಡದಲ್ಲಿ ನಿಂತು ಎಳೆಯುತ್ತಿದ್ದರು. ಸಿಕ್ಕಿದ್ದರಲ್ಲಿ ಎಳೆದವರಿಗೆಲ್ಲ ಪಾಲು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದವು. ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಅದನ್ನು ಸುತ್ತುವರಿದು ಎತ್ತುವ ಬಲೆ ಅವುಗಳದು. ರಂಪಣಿಯವರ ಬಲೆ ಬರಿದಾಯಿತು. ಎರಡು ಕಡೆಯವರ ನಡುವೆ ಘರ್ಷಣೆಗಳಾದವು. ಮೀನುಗಾರಿಕೆಯನ್ನು ಅಂಕೆಯಲ್ಲಿಡಲು ರಾಜ್ಯದಲ್ಲಿ 1986ರಲ್ಲಿ ಕಾಯಿದೆ ಬಂತು.

ಉಪಾಯಗಳು ಅಲ್ಲಿಗೆ ನಿಲ್ಲಲಿಲ್ಲ. ರಾತ್ರಿ ಪ್ರಖರವಾದ ದೀಪ ಬೆಳಗಿಸಿದರೆ ಮೀನುಗಳು, ಅವುಗಳ ಮರಿಗಳೂ ಸೇರಿ, ಬೆಳಕಿಗೆ ಮುತ್ತುತ್ತವೆ. ಎಲ್ಲವನ್ನೂ ಒಟ್ಟಿಗೆ ಬಾಚಬಹುದು. ಇನ್ನು ಬುಲ್ ಟ್ರಾಲಿಂಗ್‌ನಲ್ಲಿ ಎರಡು ಬೋಟುಗಳು ಒಂದೇ ದೊಡ್ಡ ಬಲೆಯನ್ನು ಎಳೆಯುತ್ತವೆ. ಇವೆರಡನ್ನೂ ಕೇಂದ್ರ ಸರಕಾರವು 2017ರ ನವೆಂಬರಿನಲ್ಲಿ ನಿಷೇಧಿಸಿತು. ಆ ಮೇಲೂ ದೂರುಗಳು ನಿಲ್ಲಲಿಲ್ಲ. ನಾಡದೋಣಿಯವರು ಬೀದಿಗಿಳಿದು ಪ್ರತಿಭಟಿಸಬೇಕಾಯಿತು. ಬಲೆಗೆ ಬಿದ್ದ ಮರಿಮೀನುಗಳಲ್ಲಿ ಬಹಳಷ್ಟು ಮನುಷ್ಯರ ತಟ್ಟೆಗೂ ಬರುವುದಿಲ್ಲ, ಮೀನಿನ ಹುಡಿ ಮತ್ತು ಎಣ್ಣೆ ತಯಾರಿಸುವ ಕಾರ್ಖಾನೆಗಳಿಗೆ ಹೋಗುತ್ತವೆ.

ಹಾಗೆಂದು ಬೋಟಿನವರನ್ನೆಲ್ಲ ದೂರದಿಂದ ಹಳಿಯುವುದು ನ್ಯಾಯವಲ್ಲ. ಅವರ ತಲೆಯ ಮೇಲೆ ಸಾಲವಿದೆ, ಡೀಸೆಲ್ ಖರ್ಚಿದೆ, ಬೋಟಿನ ಕೆಲಸಗಾರರ ಮನೆಗಳಿವೆ. ಒಬ್ಬನು ನಿಯಮ ಮುರಿದರೆ ಪಕ್ಕದವನಿಗೆ ತಾನೊಬ್ಬನೇ ಏಕೆ ನಷ್ಟ ಅನುಭವಿಸಬೇಕೆನಿಸುತ್ತದೆ. ಕಡಲಿಗೆ ಬೇಲಿಯಿಲ್ಲ. ಎಲ್ಲರ ಪಾಲಿರುವ ಸೊತ್ತಿನಲ್ಲಿ ಪ್ರಾಮಾಣಿಕನಾಗಿ ಉಳಿಯುವುದು ಸ್ವಂತ ಹೊಲದಲ್ಲಿ ಉಳಿಯುವುದಕ್ಕಿಂತ ಕಷ್ಟ. ನೀರು, ಹುಲ್ಲುಗಾವಲು, ಬೆಂಕಿಗಳಲ್ಲಿ ಜನರೆಲ್ಲ ಪಾಲುದಾರರೆಂದು ಪ್ರವಾದಿ(ಸ)ರು ಕಲಿಸಿದರು. ಪಾಲುದಾರನು ತನ್ನ ಪಾಲನ್ನು ತೆಗೆದುಕೊಳ್ಳಬಹುದು. ಇತರರ ಪಾಲನ್ನು, ಇನ್ನೂ ಹುಟ್ಟದ ಮಕ್ಕಳ ಪಾಲನ್ನು ಮುಟ್ಟುವ ಹಕ್ಕು ಅವನಿಗಿಲ್ಲ.

ಎರಡನೆಯ ಗುಂಪಿನವರೂ ನಮ್ಮ ಕರಾವಳಿಯಲ್ಲಿದ್ದಾರೆ. ಅವರಲ್ಲಿ ಹೆಚ್ಚಿನವರು ಮೀನುಗಾರರೇ. ಮೊಗವೀರರು, ಖಾರ್ವಿಗಳು, ಹರಿಕಂತ್ರರು, ದಾಲ್ದಿ ಮುಸ್ಲಿಮರು, ಎಲ್ಲರ ಅನ್ನವೂ ಒಂದೇ ಕಡಲಿನದು. 2020ರ ಜನವರಿಯಲ್ಲಿ ಕಾರವಾರದ ಟಾಗೋರ್ ಕಡಲ ತೀರದ ಬಳಿ ಬಂದರು ವಿಸ್ತರಣೆಗೆ ತಡೆಗೋಡೆ ಕಟ್ಟುವ ಕೆಲಸ ಆರಂಭವಾದಾಗ ಅವರು ಬೀದಿಗಿಳಿದರು. ಹೈಕೋರ್ಟು ಕಾಮಗಾರಿಗೆ ತಡೆಯಾಜ್ಞೆ ನೀಡಿತು. ಹೊನ್ನಾವರದ ಕಾಸರಕೋಡಿನಲ್ಲಿ ಖಾಸಗಿ ಬಂದರಿಗೂ ಮೀನುಗಾರರ ವಿರೋಧ ಎದುರಾಯಿತು. ಅಲ್ಲಿನ ಮರಳಿನ ಮೇಲೆ ಹೆಂಗಸರು ಮೀನು ಒಣಗಿಸುತ್ತಾರೆ. ಅದೇ ಮರಳಿನಲ್ಲಿ ಆಲಿವ್ ರಿಡ್ಲೆ ಕಡಲಾಮೆ ಮೊಟ್ಟೆಯಿಡುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಆ ಆಮೆಗೆ ಹುಲಿಗೆ ಕೊಟ್ಟಷ್ಟೇ ರಕ್ಷಣೆ ಕೊಟ್ಟಿದೆ.

ಇನ್ನು ನಮ್ಮ ಪಾಲು. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1933ರ ಬಳಿಕ ಕೋಡಿ ಬಿದ್ದದ್ದು 2022ರಲ್ಲಿ. ನೋಡಲು ಜನ ಮುಗಿಬಿದ್ದರು. ಆ ನೀರು ಎಲ್ಲಿಗೆ ಹೋಗುತ್ತದೆಂದು ಯೋಚಿಸಿದ್ದೀರಾ? ವೇದಾವತಿಯು ಬಳ್ಳಾರಿ ಸೀಮೆಯಲ್ಲಿ ಹಗರಿಯಾಗಿ ತುಂಗಭದ್ರೆಯನ್ನು, ಅದರೊಡನೆ ಕೃಷ್ಣೆಯನ್ನು ಸೇರಿ ಆಂಧ್ರದ ಹಂಸಲದೀವಿಯಲ್ಲಿ ಬಂಗಾಳ ಕೊಲ್ಲಿಗೆ ಸೇರುತ್ತದೆ. ನಾವು ಹಳ್ಳಕ್ಕೆಸೆದ ಪ್ಲಾಸ್ಟಿಕ್ ಚೀಲಕ್ಕೂ ಅದೇ ದಾರಿ.

ಎರಡನೆಯದು ನಮ್ಮ ಅಡುಗೆಮನೆ. ಬೋಟಿನವನು ಮರಿಮೀನು ತರುವುದು ಕೊಳ್ಳುವವರಿರುವುದರಿಂದ. ಕೇರಳ ಸರಕಾರವು 2015ರಲ್ಲಿ ಭೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಕನಿಷ್ಠ ಅಳತೆಯೆಂದು ಗೊತ್ತುಪಡಿಸಿತು. ಅಂಗಡಿಯ ಬಂಗುಡೆ ಬರೆಯುವ ಪೆನ್ನಿಗಿಂತ ಗಿಡ್ಡವಿದ್ದರೆ ಅದು ಇನ್ನೂ ಮರಿಯೆಂದು ತಿಳಿಯಿರಿ. ಅದನ್ನು ಕೊಳ್ಳಬೇಡಿ, ಕಾರಣವನ್ನು ಮಾರುವವನಿಗೆ ಮೃದುವಾಗಿ ತಿಳಿಸಿ. ಜೂನ್, ಜುಲೈ ತಿಂಗಳಲ್ಲಿ ಕೆರೆಯಲ್ಲಿ ಬಿತ್ತಿ ಬೆಳೆಸಿದ ಕಾಟ್ಲಾ, ರೋಹು ಸಾಕು. ಮಕ್ಕಳಿಗೂ ಕಾರಣ ಹೇಳಿಕೊಡಿ.

ಇದರಿಂದ ಕಡಲು ಉಳಿದೀತೇ ಎಂದು ಯಾರಾದರೂ ನಿಮ್ಮನ್ನು ಕೇಳಬಹುದು. ಆ ಊರಿನಲ್ಲಿ ಮೂರನೆಯ ಗುಂಪು ಕೇಳಿದ್ದೂ ಇಂಥದೇ ಪ್ರಶ್ನೆ. ತಡೆದವರು ಫಲದ ಭರವಸೆ ಕೊಡಲಿಲ್ಲ. ನಮ್ಮ ಪ್ರಭುವಿನ ಮುಂದೆ ನಮ್ಮ ಹೊಣೆ ತೀರಬೇಕು, ಕೇಳುವವರು ಎಚ್ಚೆತ್ತರೂ ಎಚ್ಚೆತ್ತುಕೊಳ್ಳಬಹುದು ಎಂಬುದು ಅವರ ಉತ್ತರವಾಗಿತ್ತು. ಕಡಲಿನಿಂದ ಎಷ್ಟೇ ದೂರವಿದ್ದರೂ ನಾವು ಯಾವ ಗುಂಪಿನಲ್ಲಿ ನಿಲ್ಲಬೇಕೆಂಬುದನ್ನು ನಾವೇ ತೀರ್ಮಾನಿಸಬೇಕಾಗಿದೆ.