ಏಟು ತಿಂದ ಮಗು, ಏಟು ಕೊಟ್ಟ ಮಗು

ಶಾಲೆಯಲ್ಲಿ ಮಗನಿಗೆ ಸಹಪಾಠಿಗಳು ಬಾರಿಸಿದರೆಂದು ಗೊತ್ತಾದಾಗ ಹರಿಹರದ ಸುತ್ತಲ ಹಳ್ಳಿಗಳಲ್ಲಿ ಎರಡು ಮಾತು ಕೇಳಿಬರುತ್ತವೆ: 'ಹುಡುಗ್ರು ಅಂದ್ಮೇಲೆ ಹೊಡೆದಾಡ್ತಾರೆ, ಬಿಡ್ರಿ', ಇಲ್ಲವೇ 'ಅವನನ್ನ ಜೈಲಿಗೆ ಹಾಕಿಸ್ತೀನಿ'. ಕಾನೂನು ಎರಡನ್ನೂ ಒಪ್ಪುವುದಿಲ್ಲ.

ಗಾಯವಾಗಿದ್ದರೆ ಮೊದಲು ಆಸ್ಪತ್ರೆ. ಹರಿಹರದ ತಾಲ್ಲೂಕು ಆಸ್ಪತ್ರೆಯಾಗಲಿ, ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಯಾಗಲಿ, ಹೊಡೆತದಿಂದ ಆದ ಗಾಯ ಎಂದೇ ಹೇಳಿ, ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ) ಮಾಡಿಸಿ. ಜಗಳ ಬೇಡವೆಂದು 'ಬಿದ್ದ' ಅಂತ ಬರೆಸಿದರೆ ನಾಳೆ ಆ ಚೀಟಿಯೇ ನಿಮ್ಮ ವಿರುದ್ಧ ನಿಲ್ಲುತ್ತದೆ. ಮುಖ್ಯಶಿಕ್ಷಕರಿಗೆ ಲಿಖಿತ ದೂರು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸಹಿ, ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಒಂದೊಂದು ನಕಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೂ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಹೋಗಲಿ. ಹಿರಿಯರು ರಾಜಿ ಮಾಡಿಸಿದರೂ ಈ ಕಾಗದ ಇರಲೇಬೇಕು. ಎರಡನೇ ಸಲ ಏಟು ಬಿದ್ದಾಗ ಬಾಯಿಮಾತಿನ ರಾಜಿಗೆ ಸಾಕ್ಷಿ ಸಿಗುವುದಿಲ್ಲ.

ಠಾಣೆಯಲ್ಲಿ ಎಫ್‌ಐಆರ್ ಹಾಕಲಿಲ್ಲವೆಂದು ಪೊಲೀಸರ ಮೇಲೆ ಹರಿಹಾಯುವ ಮುನ್ನ ಒಂದು ವಿಷಯ ತಿಳಿದಿರಲಿ. 2015ರ ಬಾಲನ್ಯಾಯ ಕಾಯ್ದೆಯಡಿ 18 ತುಂಬದವರೆಲ್ಲ ಮಕ್ಕಳು. 2016ರ ಮಾದರಿ ನಿಯಮಗಳ ಪ್ರಕಾರ, ಕನಿಷ್ಠ 7 ವರ್ಷ ಶಿಕ್ಷೆಯ ಘೋರ ಅಪರಾಧವಾಗಿದ್ದರೆ ಅಥವಾ ದೊಡ್ಡವರೂ ಸೇರಿ ಮಾಡಿದ್ದರೆ ಮಾತ್ರ ಮಗುವಿನ ಮೇಲೆ ಎಫ್‌ಐಆರ್. ಉಳಿದದ್ದನ್ನು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಠಾಣಾ ದಿನಚರಿಯಲ್ಲಿ ಬರೆದು, ಹುಡುಗನ ಮನೆ ಹಿನ್ನೆಲೆಯ ವರದಿಯೊಂದಿಗೆ ಬಾಲನ್ಯಾಯ ಮಂಡಳಿಗೆ ಕಳಿಸಬೇಕು. ಲಾಕಪ್ಪಿಗೆ ಹಾಕುವಂತೆಯೇ ಇಲ್ಲ. ದಿನಚರಿಯಲ್ಲೂ ಬರೆಯದೆ ವಾಪಸ್ ಕಳಿಸಿದರೆ ಎಸ್‌ಪಿ ಕಚೇರಿಗೆ ಬರೆಯಿರಿ.

ಲೈಂಗಿಕ ಕಿರುಕುಳವಾದರೆ ರಾಜಿಯ ಮಾತೇ ಇಲ್ಲ. ಬಲಿಯಾದದ್ದು ಹುಡುಗನಾದರೂ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಅನ್ವಯ. ಗೊತ್ತಿದ್ದೂ 'ಶಾಲೆಯ ಮರ್ಯಾದೆ' ಎಂದು ಮುಚ್ಚಿಟ್ಟವರಿಗೂ ಶಿಕ್ಷೆಯಿದೆ.

ಹೊಡೆದವನನ್ನು ಟಿಸಿ ಕೊಟ್ಟು ಕಳಿಸಿ ಎಂಬ ಒತ್ತಾಯ ಸಾಮಾನ್ಯ. 8ನೇ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಇಬ್ಬರಿಗೂ ನಾಲ್ಕು ಬಿಗಿದು ಕೂರಿಸುವ ಮೇಷ್ಟರ ನ್ಯಾಯವನ್ನೂ ಅದೇ ಕಾಯ್ದೆ ನಿಷೇಧಿಸಿದೆ.

2021ರ ಡಿಸೆಂಬರಿನಲ್ಲಿ ಇದೇ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಶಾಲೆಯೊಂದರಲ್ಲಿ ವಿದ್ಯಾರ್ಥಿಗಳು ಶಿಕ್ಷಕರ ತಲೆಗೆ ಬಕೆಟ್ ಹಾಕಿ ಗೇಲಿ ಮಾಡಿದ ವಿಡಿಯೊ ರಾಜ್ಯವೆಲ್ಲ ಓಡಾಡಿತು. ಇಂಥ ವಿಡಿಯೊ ಹಂಚುವ ಮುನ್ನ ನೆನಪಿಡಿ: ಪ್ರಕರಣದಲ್ಲಿರುವ ಮಗುವಿನ ಹೆಸರು, ಶಾಲೆ, ಗುರುತು ಬಯಲು ಮಾಡಿದರೆ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಡಿ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಊರಿನ ವಾಟ್ಸ್ಆ್ಯಪ್ ಗುಂಪಿಗೂ ಇದರಿಂದ ವಿನಾಯಿತಿಯಿಲ್ಲ.

ಬೆಳಗಾದರೆ ಹೊಟ್ಟೆನೋವು ಅನ್ನುವ, ಬ್ಯಾಗ್ ಕಂಡರೆ ಅಳುವ ಮಗುವನ್ನು ಗದರಬೇಡಿ. ಮನಸ್ಸಿನ ತೊಂದರೆಗೆ 14416, ತುರ್ತು ನೆರವಿಗೆ 1098. ವಕೀಲರು ಬೇಕಾದರೆ ದಾವಣಗೆರೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ಹರಿಹರದ ತಾಲ್ಲೂಕು ಸಮಿತಿಗೆ ಅರ್ಜಿ ಹಾಕಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಕ್ಕಳಿಗೆ ಈ ನೆರವು ಉಚಿತ, ಆದಾಯ ಪ್ರಮಾಣಪತ್ರ ಕೇಳುವಂತಿಲ್ಲ.