ಲೈನರ್ ಹಾಕಿಸಿದರೆ ಮುಗಿಯಲಿಲ್ಲ

ಸೆಕೆಂಡ್ ಹ್ಯಾಂಡ್ ಪಿಕಪ್ ನೋಡಲು ಹೋದವರು ಟೈರು ನೋಡುತ್ತಾರೆ, ಎಂಜಿನ್ನಿನ ಹೊಗೆ ನೋಡುತ್ತಾರೆ, ಚಾಸಿಗೆ ತುಕ್ಕು ಹಿಡಿದಿದೆಯೇ ಎಂದು ಬಗ್ಗಿ ನೋಡುತ್ತಾರೆ. ಹಿಂದಿನ ಚಕ್ರದ ಡ್ರಮ್ ಬಿಚ್ಚಿಸಿ ನೋಡಿದವರನ್ನು ನಾನು ಕಂಡಿಲ್ಲ. ಮುಂದಿನ ಡಿಸ್ಕಿನ ಪ್ಯಾಡು ಚಕ್ರದ ಸಂದಿಯಲ್ಲೇ ಕಾಣುತ್ತದೆ. ಡ್ರಮ್ಮಿನದು ಬಾಗಿಲು ಹಾಕಿಕೊಂಡ ಸಂಸಾರ.

ವಸ್ತಾರೆ ಕಡೆ ಇಂಥ ಗಾಡಿಗೆ ಬಿಡುವೇ ಇಲ್ಲ. ಗೊಬ್ಬರ, ಕೊಯ್ಲಿನಲ್ಲಿ ಕಾಫಿ ಹಣ್ಣು, ಕಣದಲ್ಲಿ ಒಣಗಿದ ಮೇಲೆ ಮೂಟೆ ಹೇರಿಕೊಂಡು ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ. ತೋಟದ ರಸ್ತೆಯ ಕೆಸರುನೀರು ಡ್ರಮ್ಮಿಗೆ ನುಗ್ಗಿದರೆ ಅದರ ಮರಳು ಒಳಗೇ ಉಳಿದು ಲೈನರನ್ನೂ ಡ್ರಮ್ಮನ್ನೂ ಒಟ್ಟಿಗೆ ತೇಯುತ್ತದೆ. ಮಳೆಯಲ್ಲಿ ಹ್ಯಾಂಡ್ ಬ್ರೇಕ್ ಎಳೆದು ದಿನಗಟ್ಟಲೆ ನಿಲ್ಲಿಸಿದರೆ ಶೂ ತುಕ್ಕಿಗೆ ಅಂಟಿಕೊಳ್ಳುವುದೂ ಉಂಟು. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುವುದು ಅದಕ್ಕೇ.

ನನ್ನ ಗಾಡಿಯ ಪೆಡಲ್ ಆಳಕ್ಕೆ ಹೋಗುತ್ತಿತ್ತು, ಒಂದೆರಡು ಸಲ ಒತ್ತಿದರೆ ಮೇಲೆ ಬರುತ್ತಿತ್ತು. ಹಿಂದಿನಿಂದ ಕರ್ರೆಂದು ಕಬ್ಬಿಣ ಉಜ್ಜುವ ಸದ್ದು. ಲೈನರ್ ಹಾಕಿಸಿಬಿಡಿ ಎಂದರು ಸುತ್ತಲಿನವರು. ಹಳೇ ಕಾಲದ ನಮ್ಮ ಮೆಕ್ಯಾನಿಕ್ ಮಾತ್ರ, "ಹಾಕೋದೇನು ಗೌಡ್ರೇ, ಹಾಕಬಹುದು. ಯಾಕೆ ಸವೀತು ಅಂತ ಮೊದಲು ನೋಡಾಣ" ಎಂದ.

ಸವೆದ ಡ್ರಮ್ಮಿನ ಅಂಚಿನಲ್ಲಿ ಏಣು ಎದ್ದಿರುತ್ತದೆ. ಶೂ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಮೊದಲು ಅಡ್ಜಸ್ಟರ್ ಸಡಿಲಿಸಬೇಕು. ಬರೀ ಸುತ್ತಿಗೆಯಲ್ಲಿ ಬಡಿದರೆ ಬೀಡುಕಬ್ಬಿಣ ಬಿರುಕು ಬಿಡಬಹುದು. ಬಿಚ್ಚಿದಾಗ ಎಡಗಡೆ ಲೈನರ್ ಪೂರ್ತಿ ಸವೆದು, ರಿವೆಟ್ಟಿನ ತಲೆ ಡ್ರಮ್ಮಿಗೆ ಗೀರು ಹಾಕಿತ್ತು. ಬಲಗಡೆ ಲೈನರ್ ದಪ್ಪಗೇ ಇತ್ತು, ಆದರೆ ಕಪ್ಪಗೆ ಜಿಡ್ಡಾಗಿತ್ತು. ಎಣ್ಣೆ ಕುಡಿದ ಲೈನರ್ ಹಿಡಿಯದೆ, ಹಿಂಬದಿಯ ಕೆಲಸವೆಲ್ಲ ಎಡಗಡೆಯದೇ ಆಗಿತ್ತು. ಮೂಗಿಗೆ ಹಿಡಿದು ನೋಡಿದ: ಗಂಧಕದ ಘಾಟು, ಗೇರ್ ಆಯಿಲ್. ಬ್ರೇಕ್ ಆಯಿಲ್ ಆಗಿದ್ದರೆ ತೆಳ್ಳಗಿರುತ್ತಿತ್ತು, ವೀಲ್ ಸಿಲಿಂಡರಿನ ರಬ್ಬರ್ ಟೊಪ್ಪಿ ಎತ್ತಿದರೆ ಒಳಗೆ ಒದ್ದೆ ಕಾಣುತ್ತಿತ್ತು. ಆಕ್ಸಲ್ ಸೀಲ್ ಸೋರುತ್ತಿತ್ತು, ಸರಿ. ಸೀಲ್ ಯಾಕೆ ಸೋರಿತು? ಹೌಸಿಂಗ್ ಮೇಲಿನ ಪುಟ್ಟ ಬ್ರೀದರ್ ಮಣ್ಣು ಮೆತ್ತಿ ಮುಚ್ಚಿಹೋಗಿತ್ತು. ಓಡುವಾಗ ಬಿಸಿಯಾದ ಗಾಳಿ ಹಿಗ್ಗಿ, ಹೊರಗೆ ಹೋಗಲು ದಾರಿಯಿಲ್ಲದೆ ಎಣ್ಣೆಯನ್ನು ಸೀಲಿನಿಂದ ದೂಡುತ್ತದೆ. ಬರೀ ಲೈನರ್ ಹಾಕಿಸಿದ್ದರೆ ಹೊಸದೂ ಎಣ್ಣೆಯಲ್ಲೇ ನೆನೆಯುತ್ತಿತ್ತು.

ಹಾಗಾಗಿ ಬ್ರೀದರ್, ಸೀಲ್ ಮೊದಲು, ಶೂ ಆಮೇಲೆ. ಶೂ ಎರಡೂ ಕಡೆಗೆ ಹೊಸದೇ. ಒಂದು ಕಡೆಯದು ಮಾತ್ರ ಬದಲಿಸಿದರೆ ಮತ್ತದೇ ಏರುಪೇರು. ಡ್ರಮ್ ಲೇತಿಗೆ ಹೋಯಿತು. ಎಷ್ಟು ಅಗಲದವರೆಗೆ ಕೆತ್ತಬಹುದೆಂಬ ಮಿತಿ ಸಾಮಾನ್ಯವಾಗಿ ಡ್ರಮ್ಮಿನ ಮೇಲೇ ಇರುತ್ತದೆ, ತುಕ್ಕು ಕೆರೆದು ಓದಬೇಕು. ಬಿಸಿ ತಿಂದು ಸೋತ ಸ್ಪ್ರಿಂಗುಗಳನ್ನೂ ಬದಲಿಸಿದೆವು. ಒಂದು ಬದಿ ಜೋಡಿಸುವವರೆಗೆ ಇನ್ನೊಂದನ್ನು ಬಿಚ್ಚಲಿಲ್ಲ. ಯಾವ ಸ್ಪ್ರಿಂಗ್ ಯಾವ ತೂತಿಗೆ ಎಂಬುದಕ್ಕೆ ಅದೇ ನಕಾಶೆ. ಒಳಗಿನ ಪುಡಿಗೆ ಗಾಳಿ ಹೊಡೆಯಬಾರದು, ಹಳೇ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಸಿಲಿಂಡರಿನ ವಾಷರನ್ನು ಪೆಟ್ರೋಲಿನಲ್ಲಿ ತೊಳೆದರೆ ರಬ್ಬರ್ ಉಬ್ಬುತ್ತದೆ. ತೊಳೆಯಲು ಬ್ರೇಕ್ ಆಯಿಲ್ಲೇ ಆಗಬೇಕು.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮಲ್ಲಿ ತೇವಕ್ಕೇನು ಬರ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ನೀರು ಕುಡಿದದ್ದಕ್ಕೆ ಆ ಲೆಕ್ಕ 140. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟವರಿಗೆ ಈ ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ: ಆಯಿಲ್ ಕುದಿದು ಗುಳ್ಳೆಯೆದ್ದರೆ ಪೆಡಲ್ ಮೆತ್ತಗಾಗುತ್ತದೆ. ಕಾದ ಡ್ರಮ್ಮೂ ಹಿಗ್ಗಿ ಶೂನಿಂದ ದೂರ ಸರಿಯುತ್ತದೆ. ಹತ್ತಿದ ಗೇರಿನಲ್ಲೇ ಇಳಿ ಎಂದು ಹಿರಿಯ ಡ್ರೈವರುಗಳು ಹೇಳುವುದು ಸುಮ್ಮನೆ ಅಲ್ಲ.

ಹಳೇ ಆಯಿಲ್ ಪೂರ್ತಿ ತೆಗೆದು, ದೂರದ ಚಕ್ರದಿಂದ ಶುರುಮಾಡಿ ಏರ್ ತೆಗೆದೆವು. ಶೂ ಅಡ್ಜಸ್ಟ್ ಆದ ಮೇಲೆ ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿದದ್ದು. ಹೊಸ ಶೂ ಡ್ರಮ್ಮಿಗೆ ಪೂರ್ತಿ ಕೂರುವವರೆಗೆ ಭಾರ ಹೇರಬೇಡಿ ಎಂದಿದ್ದ, ಹೇರಲಿಲ್ಲ. ಈಗ ಒಂದು ಸುತ್ತು ಹೋಗಿ ಬಂದ ಮೇಲೆ ಎರಡೂ ಡ್ರಮ್ಮಿನ ಹತ್ತಿರ, ಮುಟ್ಟದೆ, ಕೈ ಹಿಡಿದು ನೋಡುತ್ತೇನೆ. ಒಂದು ತೀರಾ ಕಾದಿದ್ದರೆ ಶೂ ಬಿಡುತ್ತಿಲ್ಲ, ಒಂದು ತಣ್ಣಗಿದ್ದರೆ ಹಿಡಿಯುತ್ತಿಲ್ಲ. ಮುಂಗಾರಿಗೆ ಮೊದಲು ಬ್ರೀದರನ್ನೂ ಬಿಚ್ಚಿ ತೊಳೆಯುವುದಿದೆ.