ಅಕ್ಷರಕ್ಕೆ ಮೊದಲು ಬೆರಳಾಟ

ಪ್ರತಿ ವರ್ಷವೂ ಜೂನ್ ತಿಂಗಳಲ್ಲಿ ಒಂದನೆಯ ತರಗತಿಗೆ ಸೇರುವ ಕೆಲವು ಮಕ್ಕಳ ವಿಷಯವಾಗಿ ತಾಯಿತಂದೆಗಳು ನಮ್ಮಲ್ಲಿಗೆ ಬಂದು ಒಂದೇ ದೂರನ್ನು ಹೇಳುವುದುಂಟು: “ಮಾಷ್ಟ್ರೇ, ಇವನಿಗೆ ಬಾಯಿಪಾಠ ಬರುತ್ತದೆ, ಬರೆಯಲಿಕ್ಕೆ ಮಾತ್ರ ಆಗುವುದಿಲ್ಲ. ತಲೆ ಮಂದವೋ ಏನೋ!” ಕೆಲವು ಮನೆಗಳಲ್ಲಿ ಈ ಮಾತಿನ ಹಿಂದೆಯೇ ಪೆಟ್ಟೂ ಬೀಳುತ್ತದೆ. ಮಗುವು ಮೊದಲು ಬರೆಹಕ್ಕೆ ಅಂಜುತ್ತದೆ. ಅನಂತರ ಕನ್ನಡದ ಅಕ್ಷರಗಳಿಗೇ ಅಂಜುತ್ತದೆ. ಗಡಿನಾಡಿನ ಕನ್ನಡ ಶಾಲೆಗೆ ಇದಕ್ಕಿಂತ ದೊಡ್ಡ ನಷ್ಟ ಬೇರೆ ಇಲ್ಲ.

ಹಲವು ಸಲ ತಪ್ಪು ತಲೆಯದಲ್ಲ. ಕೈ ಇನ್ನೂ ಪಳಗಿರುವುದಿಲ್ಲ, ಅಷ್ಟೆ. ಮಣಿಕಟ್ಟಿನಲ್ಲಿ 8 ಚಿಕ್ಕ ಎಲುಬುಗಳಿವೆ. ಹುಟ್ಟಿದ ಕೂಸಿನಲ್ಲಿ ಇವು ಸಾಮಾನ್ಯವಾಗಿ ಮೆದುವಾಗಿದ್ದು, ವರ್ಷಗಳು ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತವೆ. ಬೆರಳಿನ ಸ್ನಾಯುಗಳಿಗಾದರೋ ಬಳಕೆಯಿಂದಲೇ ಬಲ ಬರಬೇಕು. ನಮ್ಮ ಅಕ್ಷರಗಳು ಗುಂಡಗಿನವು. ‘ಅ’ ಎಂದು ಬರೆಯಬೇಕಾದರೂ ಬೆರಳು ಹಲವು ಬಾರಿ ತಿರುಗಬೇಕು.

1907ರಲ್ಲಿ ರೋಮ್ ನಗರದಲ್ಲಿ ‘ಮಕ್ಕಳ ಮನೆ’ಯನ್ನು ತೆರೆದ ಮರಿಯಾ ಮಾಂಟೆಸೊರಿಯವರು, ಹಿಡಿಯುಳ್ಳ ಮರದ ತುಂಡುಗಳನ್ನು ಮೂರು ಬೆರಳುಗಳಿಂದ ಎತ್ತಿ ಅವುಗಳ ಗುಳಿಗಳಲ್ಲಿ ಕೂರಿಸುವ ಆಟವನ್ನು ಮಕ್ಕಳಿಗೆ ಕೊಟ್ಟರು. ಲೇಖನಿ ಹಿಡಿಯುವುದಕ್ಕೆ ಅದೇ ಸಿದ್ಧತೆ. 1939ರಲ್ಲಿ ಅವರು ಮದರಾಸಿನ ಅಡ್ಯಾರಿಗೆ ಬಂದು ನಮ್ಮ ದೇಶದ ಶಿಕ್ಷಕರಿಗೂ ತಮ್ಮ ಕ್ರಮವನ್ನು ಬೋಧಿಸಿದರು.

ಆದರೆ ಅಂಥ ಸಾಧನವು ನಮ್ಮ ಕಾಸರಗೋಡಿನ ಎಷ್ಟೋ ಮನೆಗಳ ಅಟ್ಟದಲ್ಲಿಯೇ ಇದೆ. ಆಟಿ ತಿಂಗಳ ಮಳೆಯಲ್ಲಿ ಅಜ್ಜಿಯಂದಿರು ಆಡುತ್ತಿದ್ದ ಚೆನ್ನೆಮಣೆಯೇ ಅದು. 14 ಗುಳಿಗಳು, ಗುಳಿಗೆ 4ರಂತೆ 56 ಕಾಯಿಗಳು. ಕಾಯಿಗಳನ್ನು ಅಂಗೈಯಲ್ಲಿ ಹಿಡಿದು ಒಂದೊಂದನ್ನೇ ಬಿಡುವಾಗ, ಉಂಗುರಬೆರಳೂ ಕಿರುಬೆರಳೂ ಉಳಿದ ಕಾಯಿಗಳನ್ನು ಕಾಯುತ್ತವೆ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಕೆಲಸ ಮಾಡುತ್ತವೆ. ಬರೆಯುವಾಗಲೂ ಬೆರಳುಗಳ ಪಾಲು ಹೀಗೆಯೇ ಅಲ್ಲವೆ? ಜೊತೆಗೆ ಎಣಿಕೆಯೂ ಬರುತ್ತದೆ.

ಬಾಳೆನಾರಿನಲ್ಲಿ ಹೂ ಕಟ್ಟುವಾಗ ಒಂದು ಕೈ ಹೂವನ್ನು ಹಿಡಿದರೆ ಇನ್ನೊಂದು ನಾರನ್ನು ಸುತ್ತುತ್ತದೆ. ಬರೆಯುವಾಗಲೂ ಒಂದು ಕೈ ಪುಸ್ತಕವನ್ನು ಹಿಡಿಯಬೇಕು, ಇನ್ನೊಂದು ಬರೆಯಬೇಕು. ಹಿಟ್ಟು ನಾದುವುದರಿಂದಲೂ ಒದ್ದೆ ಬಟ್ಟೆ ಹಿಂಡುವುದರಿಂದಲೂ ಅಂಗೈಗೆ ಬಲ ಬರುತ್ತದೆ. ತೆಂಗಿನ ಓಲೆಯಲ್ಲಿ ಚೆಂಡು ಹೆಣೆಯುವುದು, ಅಂಗಳದಲ್ಲಿ ರಂಗೋಲಿ ಎಳೆಯುವುದು, ತನ್ನ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳುವುದು — ಇವೆಲ್ಲ ಬರೆಹದ ಪೂರ್ವಪಾಠಗಳೇ. ಮೊಬೈಲಿನ ಗಾಜಿನ ಮೇಲೆ ಒಂದು ಬೆರಳನ್ನು ಜಾರಿಸುವುದರಿಂದ ಈ ಲಾಭ ದೊರೆಯದು.

ಎರಡು ಎಚ್ಚರಿಕೆಗಳು: ಮೂರು ವರ್ಷ ತುಂಬದ ಮಕ್ಕಳ ಕೈಗೆ ಕಾಯಿ, ಮಣಿಗಳನ್ನು ಕೊಡಬಾರದು, ಗಂಟಲಲ್ಲಿ ಸಿಕ್ಕುವ ಅಪಾಯವಿದೆ. ಅವರಿಗೆ ಹಿಟ್ಟಿನ ಮುದ್ದೆಯೇ ಸಾಕು. ಗುಲಗಂಜಿಯು ವಿಷದ ಬೀಜವಾದುದರಿಂದ ಯಾವ ವಯಸ್ಸಿನ ಮಕ್ಕಳ ಆಟಕ್ಕೂ ಅದು ಸಲ್ಲದು.

ಹಿಂದೊಮ್ಮೆ ನಮ್ಮ ಶಾಲೆಗೆ ಬಂದ ಬಾಲಕನೊಬ್ಬನಿಗೆ ಬಳಪ ಹಿಡಿದೊಡನೆ ಕಣ್ಣಲ್ಲಿ ನೀರು ಬರುತ್ತಿತ್ತು. ಮನೆಯಲ್ಲಿ ಅವನಿಗೆ ತುತ್ತನ್ನೂ ಇತರರೇ ಉಣಿಸುತ್ತಿದ್ದರೆಂದು ಆಮೇಲೆ ತಿಳಿಯಿತು. ನಾವು ಸ್ಲೇಟನ್ನು ಬದಿಗಿರಿಸಿ ಜಗಲಿಯಲ್ಲಿ ಚೆನ್ನೆಮಣೆಯನ್ನಿಟ್ಟೆವು. ತಾನೇ ಉಣ್ಣಲು ಬಿಡಿರೆಂದು ತಾಯಿಗೆ ಹೇಳಿದೆವು. ಕೆಲವು ವಾರಗಳ ಅನಂತರ ಬಳಪದ ಚಿಕ್ಕ ತುಂಡೊಂದನ್ನು ಕೊಟ್ಟೆವು. ತುಂಡು ಚಿಕ್ಕದಾದರೆ ಮುಷ್ಟಿಯಲ್ಲಿ ಹಿಡಿಯಲಾಗದು, ಬೆರಳ ತುದಿಯಲ್ಲಿಯೇ ಹಿಡಿಯಬೇಕು. ನವರಾತ್ರಿಯ ಹೊತ್ತಿಗೆ ಅವನ ಅಕ್ಷರಗಳು ಗೆರೆಯ ಮೇಲೆ ನಿಂತವು. ವಯಸ್ಸೂ ಅದಕ್ಕೆ ನೆರವಾಗಿರಬೇಕು. ಆದರೆ ಅವನ ಅಂಜಿಕೆಯನ್ನು ಕಳೆದುದು ಆಟವೇ. ಇಷ್ಟಾದರೂ ಕೈ ಸುಧಾರಿಸದ ಮಗುವನ್ನು ವೈದ್ಯರಿಗೆ ತೋರಿಸಬೇಕು, ಹೊಡೆಯಬಾರದು.

ವಿದ್ಯಾರ್ಥಿಮಿತ್ರರೇ, ನಿಮಗೂ ಒಂದು ಕೆಲಸವಿದೆ. ಈ ಸಂಜೆ ಅಟ್ಟದ ಚೆನ್ನೆಮಣೆಯನ್ನು ಇಳಿಸಿ, ಧೂಳೊರಸಿ, ತಮ್ಮನನ್ನೋ ತಂಗಿಯನ್ನೋ ಎದುರಿಗೆ ಕೂರಿಸಿಕೊಳ್ಳಿರಿ. ಒಂದೆರಡು ಆಟಗಳಲ್ಲಿ ನೀವು ಸೋತರೂ ಚಿಂತೆಯಿಲ್ಲ.